ಕೊಂದ ದಿನಕ್ಕೆ ‘ಶುಭ’ ಯಾಕೆ? ಸುವಾರ್ತೆಗಳಲ್ಲಿ ಮನುಷ್ಯರ ಸಂಚು, ದೇವರ ಸಂಕಲ್ಪ

ಪ್ರತಿ ವರ್ಷ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ಹೂವಿನ ಚಿತ್ರದ ಜೊತೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು, ‘ಅದು ಯೇಸು ಸತ್ತ ದಿನ ಅಲ್ವಾ, ಹ್ಯಾಪಿ ಅನ್ಬಾರ್ದು’ ಎಂದು ತಿದ್ದುತ್ತಾರೆ. ಆಮೇಲೆ ಮೂರನೆಯವರ ಪ್ರಶ್ನೆ ಬರುತ್ತದೆ: ‘ಹಾಗಾದ್ರೆ ಕ್ಯಾಲೆಂಡರಿನಲ್ಲಿ ಶುಭ ಶುಕ್ರವಾರ ಅಂತ ಯಾಕಿದೆ?’ ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ನೀರಿನ ಟ್ಯಾಂಕರ್ ವಿಷಯ ಶುರುವಾಗಿರುತ್ತದೆ.

ಪದದ ಮಟ್ಟಿಗೆ ಉತ್ತರ ಸುಲಭ. ಇಂಗ್ಲಿಷಿನ ‘ಗುಡ್’ ಪದಕ್ಕೆ ಹಿಂದೆ ‘ಪವಿತ್ರ’ ಎಂಬ ಅರ್ಥವೂ ಇತ್ತು. ಕನ್ನಡದಲ್ಲಿ ಅದು ‘ಶುಭ’ ಆಯಿತು. ಆದರೆ ಕೇಳಿದವರಿಗೆ ಬೇಕಾಗಿದ್ದು ಪದದ ಚರಿತ್ರೆ ಇರಲಾರದು. ನಿರಪರಾಧಿಯೊಬ್ಬನನ್ನು ಸಂಚು ಹೂಡಿ ಹಿಡಿಸಿ, ರಾತ್ರಿ ವಿಚಾರಿಸಿ, ಮರುದಿನವೇ ಶಿಲುಬೆಗೇರಿಸಿದ ಕಥೆ ‘ಒಳ್ಳೆಯ ಸುದ್ದಿ’ ಹೇಗಾದೀತು? ಅದು ದೇವರ ಇಚ್ಛೆಯೇ ಆಗಿದ್ದರೆ ಸಂಚು ಮಾಡಿದವರ ತಪ್ಪೇನು? ಕ್ರೈಸ್ತರು ಈ ಪ್ರಶ್ನೆಗಳನ್ನು ಎರಡು ಸಾವಿರ ವರ್ಷಗಳಿಂದ ಕೇಳಿಕೊಳ್ಳುತ್ತಲೇ ಬಂದಿದ್ದಾರೆ. ಸುವಾರ್ತೆಗಳು ಏನು ಹೇಳುತ್ತವೆ ಎಂಬುದನ್ನು ಬುಡದಿಂದ ನೋಡೋಣ. ನಂಬುವುದು, ಬಿಡುವುದು ಓದುಗರಿಗೆ ಸೇರಿದ್ದು.

ಮೊದಲು ಕೆಲವು ಹೆಸರುಗಳು

ಯೇಸುವಿನ ಬದುಕು, ಬೋಧನೆ, ಮರಣ, ಪುನರುತ್ಥಾನಗಳನ್ನು (ಸತ್ತು ಮತ್ತೆ ಎದ್ದದ್ದನ್ನು) ಹೇಳುವ ನಾಲ್ಕು ಪುಸ್ತಕಗಳು ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೊದಲಿಗಿವೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ನಮ್ಮ ಪ್ರೊಟೆಸ್ಟೆಂಟರು ಇವನ್ನು ‘ಸುವಾರ್ತೆ’, ಅಂದರೆ ಒಳ್ಳೆಯ ಸುದ್ದಿ, ಎನ್ನುತ್ತಾರೆ, ಕಥೋಲಿಕರು ‘ಶುಭಸಂದೇಶ’ ಎನ್ನುತ್ತಾರೆ. ಮೂಲ ಭಾಷೆ ಗ್ರೀಕ್. ಮಾರ್ಕನದು ಎಲ್ಲಕ್ಕಿಂತ ಹಳೆಯದು, ಕ್ರಿ.ಶ. 70ರ ಆಸುಪಾಸಿನದು, ಯೋಹಾನನದು ಕೊನೆಯದು, ಮೊದಲ ಶತಮಾನದ ಕೊನೆಯ ಭಾಗದ್ದು ಎಂಬುದು ಬಹುಪಾಲು ವಿದ್ವಾಂಸರ ಲೆಕ್ಕ.

ಕಥೆ ನಡೆಯುವುದು ರೋಮನ್ನರ ಆಳ್ವಿಕೆಯಲ್ಲಿದ್ದ ಯೆಹೂದ್ಯರ ನಾಡು ಯೂದಾಯದಲ್ಲಿ, ಮುಖ್ಯವಾಗಿ ಜೆರೂಸಲೇಮಿನಲ್ಲಿ. ಅಲ್ಲಿ ಅಧಿಕಾರದ ಕೇಂದ್ರಗಳು ಎರಡು. ದೇವಾಲಯವನ್ನು ನಡೆಸುತ್ತಿದ್ದ ಮಹಾಯಾಜಕ ಮತ್ತು ಅವನು ಅಧ್ಯಕ್ಷನಾಗಿದ್ದ ಯೆಹೂದ್ಯ ಮುಖಂಡರ ‘ಹಿರೀಸಭೆ’ ಒಂದು ಕಡೆ. ರೋಮನ್ ಅಧಿಪತಿ ಪೊಂತ್ಯ ಪಿಲಾತ ಇನ್ನೊಂದು ಕಡೆ. ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಅಧಿಕಾರದಲ್ಲಿದ್ದ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ಕಥೆ ನಡೆಯುವ ಹೊತ್ತಿನ ಹಬ್ಬವೆಂದರೆ ಪಸ್ಕ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ಯೆಹೂದ್ಯರು ನೆನೆಯುವ ಹಬ್ಬ ಅದು. ಪರರ ಆಳ್ವಿಕೆಯಲ್ಲಿರುವ ಜನ ಬಿಡುಗಡೆಯ ಹಬ್ಬಕ್ಕೆ ಒಂದೇ ಊರಿನಲ್ಲಿ ಸೇರಿದರೆ ಆಳುವವರಿಗೆ ನಿದ್ದೆ ಬರುವುದಿಲ್ಲ. ಸಮುದ್ರ ತೀರದ ಕೈಸರೈಯದಲ್ಲಿರುತ್ತಿದ್ದ ಅಧಿಪತಿ ಹಬ್ಬದ ಹೊತ್ತಿಗೆ ಸೈನ್ಯದ ಜೊತೆ ಜೆರೂಸಲೇಮಿಗೆ ಬರುತ್ತಿದ್ದದ್ದು ಅದಕ್ಕೇ.

ನಮ್ಮ ಗಾದೆ ಹೇಳುವುದು ಒಂದು

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಮಾತು ನಮಗೆಲ್ಲ ಬಾಯಿಪಾಠ. ಮನುಷ್ಯ ಒಂದು ಎಣಿಸುತ್ತಾನೆ, ದೈವ ಅದನ್ನು ಕೆಡಿಸಿ ಇನ್ನೊಂದು ಮಾಡುತ್ತದೆ ಎಂದರ್ಥ. ಸುವಾರ್ತೆಯಲ್ಲಿ ಈ ಗಾದೆಗೆ ಹೊಂದುವ ಕಥೆಯೂ ಇದೆ. ಮತ್ತಾಯನ 2ನೇ ಅಧ್ಯಾಯದಲ್ಲಿ ಹೆರೋದ ರಾಜ ತನಗೆ ಪ್ರತಿಸ್ಪರ್ಧಿಯಾಗಿ ಹುಟ್ಟಿದ ಮಗು ಯೇಸುವನ್ನು ಮುಗಿಸಲು ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸುತ್ತಾನೆ. ಅಷ್ಟರಲ್ಲಿ ಯೋಸೇಫ, ಮರಿಯ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಹೋಗಿರುತ್ತಾರೆ. ಕಂಸನ ಕಥೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಚು ಸೋತಿತು, ಮಗು ಉಳಿಯಿತು.

ಶುಭ ಶುಕ್ರವಾರದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಸಂಚು ಸೋಲುವುದಿಲ್ಲ, ಗೆಲ್ಲುತ್ತದೆ. ಯಾರನ್ನು ಕೊಲ್ಲಬೇಕೆಂದಿದ್ದರೋ ಅವರು ಸಾಯುತ್ತಾರೆ. ದೇವರ ಸಂಕಲ್ಪ ನೆರವೇರಿದ್ದು ಆ ಗೆಲುವಿನ ಒಳಗಿಂದಲೇ ಎಂದು ಸುವಾರ್ತೆಗಳು ಹೇಳುತ್ತವೆ. ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಸಭೆಯಲ್ಲಿ ಕಾಯಫ ಆಡಿದ ಮಾತು

ಯೋಹಾನನ 11ನೇ ಅಧ್ಯಾಯ. ಜೆರೂಸಲೇಮಿಗೆ ಸುಮಾರು ಮೂರು ಕಿಲೋಮೀಟರ್ ದೂರದ ಬೇಥಾನ್ಯದಲ್ಲಿ ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಬದುಕಿಸಿದರೆಂಬ ಸುದ್ದಿ ಹಬ್ಬಿದೆ. ಜನ ಮುಗಿಬೀಳುತ್ತಿದ್ದಾರೆ. ಹಿರೀಸಭೆ ತುರ್ತಾಗಿ ಸೇರುತ್ತದೆ. ‘ಇವನನ್ನು ಹೀಗೇ ಬಿಟ್ಟರೆ ಎಲ್ಲರೂ ಇವನನ್ನೇ ನಂಬುತ್ತಾರೆ, ರೋಮನ್ನರು ಬಂದು ನಮ್ಮ ದೇವಾಲಯವನ್ನೂ ಜನಾಂಗವನ್ನೂ ಇಲ್ಲವಾಗಿಸುತ್ತಾರೆ’ ಎಂಬ ಆತಂಕ ಸಭೆಯದು.

ಈ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕ್ರಿ.ಪೂ. 4ರಲ್ಲಿ, ಹೆರೋದ ಸತ್ತ ಹೊಸತರಲ್ಲಿ, ಪಸ್ಕಹಬ್ಬದ ಗಲಾಟೆ ಅಡಗಿಸಲು ಅವನ ಮಗ ಅರ್ಖೆಲಾಯ ಸೈನ್ಯ ನುಗ್ಗಿಸಿದಾಗ ಸುಮಾರು 3,000 ಜನ ಸತ್ತರೆಂದು ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಸಭೆಯಲ್ಲಿ ಕೂತಿದ್ದ ವಯಸ್ಸಾದವರಿಗೆ ಅದು ಕಣ್ಣಾರೆ ಕಂಡ ಸಂಗತಿಯೇ ಆಗಿದ್ದಿರಬಹುದು.

ಆಗ ಮಹಾಯಾಜಕ ಕಾಯಫ ಎದ್ದು, ‘ನಿಮಗೆ ಏನೂ ತಿಳಿಯುವುದಿಲ್ಲ. ಇಡೀ ಜನಾಂಗ ನಾಶವಾಗುವುದಕ್ಕಿಂತ ಜನರಿಗೋಸ್ಕರ ಒಬ್ಬ ಮನುಷ್ಯ ಸಾಯುವುದು ನಿಮಗೇ ಲೇಸು’ ಎನ್ನುತ್ತಾನೆ.

ಕಾಯಫ ಎಂಥವನು? ಅವನಿಗಿಂತ ಮುಂಚಿನ ಇಬ್ಬರು ಮಹಾಯಾಜಕರು ಆ ಪೀಠದಲ್ಲಿ ಒಂದೊಂದು ವರ್ಷವಷ್ಟೇ ಇದ್ದರು. ನೇಮಿಸುವುದೂ ಇಳಿಸುವುದೂ ರೋಮನ್ ಅಧಿಪತಿಯ ಕೈಯಲ್ಲಿತ್ತು. ಮಹಾಯಾಜಕ ಹಬ್ಬದಲ್ಲಿ ತೊಡಬೇಕಾದ ಪವಿತ್ರ ವಸ್ತ್ರಗಳು ಕೂಡ ರೋಮನ್ನರ ಕೋಟೆಯಲ್ಲಿ ಬೀಗದೊಳಗಿದ್ದವು. ಹಬ್ಬಕ್ಕೆ ಮುಂಚೆ ಕೇಳಿ ತಂದು, ಮುಗಿದ ಮೇಲೆ ವಾಪಸು ಕೊಡಬೇಕಿತ್ತು. ಅಂಥ ಕುರ್ಚಿಯಲ್ಲಿ ಕಾಯಫ ಸುಮಾರು 18 ವರ್ಷ ಕೂತ. ಅನ್ನ ಎಂಬ ಹೆಸರಿನ ಅವನ ಮಾವ ಕೂಡ ಹಿಂದೆ ಮಹಾಯಾಜಕನಾಗಿದ್ದವನು. ಒಟ್ಟಿನಲ್ಲಿ ಲೆಕ್ಕಾಚಾರದಲ್ಲಿ ಪಳಗಿದ ಮನುಷ್ಯ.

ಅವನ ಮಾತು ನಮಗೆ ತೀರ ಹೊಸದೂ ಅಲ್ಲ. ‘ಕುಲದ ಸಲುವಾಗಿ ಒಬ್ಬನನ್ನು ಬಿಡು, ಊರಿನ ಸಲುವಾಗಿ ಕುಲವನ್ನು ಬಿಡು’ ಎಂದು ಮಹಾಭಾರತದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುತ್ತಾನಲ್ಲ, ಅದೇ ತರ್ಕ. ವ್ಯತ್ಯಾಸವಿರುವುದು ವ್ಯಕ್ತಿಯಲ್ಲಿ. ವಿದುರ ಹೇಳಿದ್ದು ತಪ್ಪಿತಸ್ಥನಾದ ದುರ್ಯೋಧನನ ಬಗ್ಗೆ. ಕಾಯಫ ಹೇಳಿದ್ದು ತಪ್ಪು ಇದೆಯೋ ಇಲ್ಲವೋ ಎಂದು ಇನ್ನೂ ವಿಚಾರಣೆಯೇ ಆಗದವರ ಬಗ್ಗೆ.

ಇಲ್ಲಿ ಯೋಹಾನ ಕಥೆ ನಿಲ್ಲಿಸಿ ತನ್ನ ಮಾತು ಸೇರಿಸುತ್ತಾನೆ: ಕಾಯಫ ಇದನ್ನು ತನ್ನಷ್ಟಕ್ಕೆ ತಾನೇ ಹೇಳಲಿಲ್ಲ; ಆ ವರ್ಷದ ಮಹಾಯಾಜಕನಾಗಿದ್ದರಿಂದ, ಯೇಸು ಜನಾಂಗಕ್ಕೋಸ್ಕರ, ಚದುರಿಹೋದ ದೇವರ ಮಕ್ಕಳನ್ನು ಒಂದುಗೂಡಿಸುವುದಕ್ಕೋಸ್ಕರ ಸಾಯುವರೆಂದು ಪ್ರವಾದನೆ (ದೇವರು ನುಡಿಸಿದ ಮಾತು) ನುಡಿದ. ಸಂಚಿನ ಮಾತೇ ಪ್ರವಾದನೆ! ‘ಓಸ್ಕರ’ ಎಂದು ಕನ್ನಡದಲ್ಲಿ ನಾವು ಹೇಳುವ ಕಡೆ ಗ್ರೀಕ್ ಮೂಲದಲ್ಲಿ ‘ಹೂಪೆರ್’ ಎಂಬ ಪದವಿದೆ. ಅದು ‘ಬದಲಿಗೆ’ ಎಂಬುದನ್ನೂ ‘ಒಳಿತಿಗಾಗಿ’ ಎಂಬುದನ್ನೂ ಸೂಚಿಸಬಲ್ಲದು. ಕಾಯಫನ ಬಾಯಲ್ಲಿ ಅದರ ಅರ್ಥ, ನಮ್ಮ ತಲೆ ಉಳಿಯಲು ಅವನ ತಲೆ ಹೋಗಲಿ ಎಂದು. ಯೋಹಾನನ ಕಿವಿಗೆ ಅದೇ ಪದ ಕೇಳಿಸುವುದು, ಒಬ್ಬ ಎಲ್ಲರ ಒಳಿತಿಗಾಗಿ ತನ್ನನ್ನೇ ಕೊಟ್ಟುಕೊಂಡ ಎಂದು. ವಾಕ್ಯದ ಒಂದಕ್ಷರವೂ ಬದಲಾಗಿಲ್ಲ.

ಯೋಹಾನನ ಮೊದಲ ಓದುಗರಿಗೆ ಇಲ್ಲಿ ಇನ್ನೊಂದು ಚುಚ್ಚುವಿಕೆ ಕಾಣಿಸಿರಬೇಕು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರೂಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟುಹಾಕಿತ್ತು. ಯಾವುದನ್ನು ತಪ್ಪಿಸಲೆಂದು ಒಬ್ಬನನ್ನು ಕೊಲ್ಲಬೇಕು ಎಂದರೋ ಅದು ಕೊಂದ ಮೇಲೂ ನಡೆದುಹೋಗಿತ್ತು.

‘ಹಬ್ಬದಲ್ಲಿ ಮಾತ್ರ ಬೇಡ’

ಮಾರ್ಕನ 14ನೇ ಅಧ್ಯಾಯ ಶುರುವಾಗುವುದು ಹಬ್ಬಕ್ಕೆ ಎರಡು ದಿನ ಇರುವಾಗ. ಯೇಸುವನ್ನು ಉಪಾಯದಿಂದ ಹಿಡಿದು ಕೊಲ್ಲಬೇಕು ಎಂದು ಮುಖ್ಯಯಾಜಕರೂ ಶಾಸ್ತ್ರಿಗಳೂ ಯೋಚಿಸುತ್ತಾರೆ. ಒಂದೇ ಷರತ್ತು: ‘ಹಬ್ಬದಲ್ಲಿ ಬೇಡ, ಜನ ದಂಗೆ ಎದ್ದಾರು.’

ಆದರೆ ನಡೆದದ್ದು ಸರಿಯಾಗಿ ಹಬ್ಬದಲ್ಲೇ! ಯಾಕೆ? ಯೂದ ಬಂದ. ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ಇಸ್ಕರಿಯೋತ ಯೂದ ತಾನಾಗಿಯೇ ಬಂದು ಹಿಡಿದುಕೊಡುತ್ತೇನೆ ಎಂದಾಗ ಅವರಿಗೆ ಸಂತೋಷವಾಯಿತು ಎನ್ನುತ್ತಾನೆ ಮಾರ್ಕ. ಹಗಲು ಯೇಸುವಿನ ಸುತ್ತ ಜನವೋ ಜನ. ರಾತ್ರಿ ಎಲ್ಲಿರುತ್ತಾರೆ ಎಂಬುದು ಒಳಗಿನವರಿಗಷ್ಟೇ ಗೊತ್ತು. ಯೂದನಿಗೆ ಗೆತ್ಸೇಮನೆಯ ತೋಟ ಗೊತ್ತಿತ್ತು. ಕತ್ತಲಲ್ಲಿ ಗುರುತು ಹಿಡಿಯಲು ಮುತ್ತಿಡುವ ಸನ್ನೆಯೂ ನಿಗದಿಯಾಯಿತು. ಕೈಗೆ ಬಂದ ಅವಕಾಶಕ್ಕೆ ಷರತ್ತು ಬದಿಗೆ ಸರಿಯಿತು.

ಮೂವತ್ತು ಬೆಳ್ಳಿ ನಾಣ್ಯವೆಂಬ ಲೆಕ್ಕ ಮತ್ತಾಯನಲ್ಲಿ ಮಾತ್ರ ಇದೆ. ಹೋರಿ ಹಾಯ್ದು ಗುಲಾಮ ಸತ್ತರೆ ಹೋರಿಯ ಒಡೆಯ ಗುಲಾಮನ ಯಜಮಾನನಿಗೆ ಕೊಡಬೇಕಾದ ಪರಿಹಾರವೆಂದು ಯೆಹೂದ್ಯರ ಹಳೆಯ ಕಾನೂನಾದ ಮೋಶೆಯ ಧರ್ಮಶಾಸ್ತ್ರದಲ್ಲಿ ಹೇಳಿರುವ ಮೊತ್ತವೂ ಮೂವತ್ತು ಬೆಳ್ಳಿಯೇ. ಹಳೆಯ ಗ್ರಂಥ ಬಲ್ಲ ಓದುಗರಿಗೆ ಮತ್ತಾಯ ಬೇಕೆಂದೇ ಕೊಟ್ಟ ಸುಳಿವು ಇದಿರಬಹುದು.

ಹಬ್ಬದ ದಿನವೇ ಆಗಿದ್ದರಲ್ಲಿ ವಿಶೇಷವೇನು? ಪಸ್ಕವೆಂದರೆ ಕುರಿಮರಿಯ ಬಲಿ; ಈಜಿಪ್ಟಿನಲ್ಲಿ ಅದರ ರಕ್ತ ಬಾಗಿಲಿಗೆ ಬಳಿದ ಮನೆಗಳ ಚೊಚ್ಚಲು ಮಕ್ಕಳು ಸಾವಿನಿಂದ ಉಳಿದರೆಂಬ ನೆನಪು. ಕ್ರೈಸ್ತರ ಪಾಲಿಗೆ ಯೇಸುವೇ ಆ ಕುರಿಮರಿ. ಕೊಲ್ಲುವವರು ತಪ್ಪಿಸಬೇಕೆಂದಿದ್ದ ದಿನವೇ ಆ ಸಾವಿಗೆ ಅರ್ಥ ಕೊಟ್ಟ ದಿನವಾಯಿತು. ಇಲ್ಲಿ ಸುವಾರ್ತೆಗಳ ನಡುವೆ ಒಂದು ಭಿನ್ನತೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ಮೂರರ ಪ್ರಕಾರ ಯೇಸು ಶಿಷ್ಯರೊಡನೆ ಉಂಡ ಕೊನೆಯ ಊಟವೇ ಪಸ್ಕದ ಊಟ. ಯೋಹಾನನ ಪ್ರಕಾರ ಶಿಲುಬೆಯ ದಿನ ಪಸ್ಕದ ಸಿದ್ಧತೆಯ ದಿನ, ಅಂದರೆ ಕುರಿಮರಿಗಳನ್ನು ಕೊಯ್ಯುವ ದಿನ. ಎರಡನ್ನೂ ಹೊಂದಿಸಲು ಪಂಡಿತರು ಬಹಳ ಬೆವರು ಹರಿಸಿದ್ದಾರೆ.

ಪಿಲಾತನ ಹಲಗೆ

ಮರಣದಂಡನೆ ಕೊಡುವ ಅಧಿಕಾರ ತಮಗಿಲ್ಲ ಎಂದು ಮುಖಂಡರು ಯೇಸುವನ್ನು ಪಿಲಾತನ ಬಳಿಗೆ ತಂದರು. ಯೆಹೂದ್ಯ ಕಾನೂನಿನಲ್ಲಿ ದೇವದೂಷಣೆಗೆ ಶಿಕ್ಷೆ ಕಲ್ಲೆಸೆದು ಕೊಲ್ಲುವುದು, ಶಿಲುಬೆ ರೋಮನ್ನರದು. ಹಾಗಾಗಿ ‘ದೇವರ ಮಗ ಎಂದುಕೊಳ್ಳುತ್ತಾನೆ’ ಎಂಬ ಧಾರ್ಮಿಕ ದೂರು ಪಿಲಾತನ ಮುಂದೆ ‘ತಾನೇ ರಾಜ ಎನ್ನುತ್ತಾನೆ’ ಎಂಬ ರಾಜದ್ರೋಹದ ದೂರಾಯಿತು. ಕೇಸಿಗೆ ತಕ್ಕ ಸೆಕ್ಷನ್ ಹುಡುಕುವುದು ಅಂದಿನಿಂದಲೂ ಇದೆ ಅನ್ನಿ.

ಹಬ್ಬಕ್ಕೆ ಒಬ್ಬ ಕೈದಿಯನ್ನು ಬಿಡುವ ವಾಡಿಕೆಯನ್ನು ಸುವಾರ್ತೆಗಳು ಹೇಳುತ್ತವೆ. ಬರಬ್ಬನನ್ನು ಕೇಳಿ ಎಂದು ಮುಖ್ಯಯಾಜಕರು ಜನರನ್ನು ಎತ್ತಿಕಟ್ಟುತ್ತಾರೆ. ಬರಬ್ಬ ಯಾರು? ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು ಎನ್ನುತ್ತಾನೆ ಮಾರ್ಕ. ದಂಗೆಯಾದೀತೆಂದು ಹೆದರಿದವರೇ ದಂಗೆಕೋರನನ್ನು ಬಿಡಿಸಿದರು. ‘ಜನರಿಗೋಸ್ಕರ ಒಬ್ಬ’ ಎಂಬ ಕಾಯಫನ ಮಾತು ಅಂಗಳದಲ್ಲಿ ‘ಒಬ್ಬನ ಬದಲಿಗೆ ಒಬ್ಬ’ ಎಂದು ನಡೆದುಹೋಯಿತು.

ಶಿಲುಬೆಯ ಮೇಲೆ ಅಪರಾಧ ಬರೆದ ಹಲಗೆಯೊಂದನ್ನು ಪಿಲಾತ ಹಾಕಿಸಿದ: ‘ನಜರೇತಿನ ಯೇಸು, ಯೆಹೂದ್ಯರ ಅರಸ’. ಇಬ್ರಿಯ, ಲ್ಯಾಟಿನ್, ಗ್ರೀಕ್ ಮೂರು ಭಾಷೆಯಲ್ಲೂ ಬರೆಸಿದ್ದ. ‘ಅರಸ ಎಂದು ಬರೆಯಬೇಡಿ, ಅರಸನೆಂದು ಅವನು ಹೇಳಿಕೊಂಡ ಎಂದು ಬರೆಯಿರಿ’ ಎಂದು ಮುಖ್ಯಯಾಜಕರು ತಕರಾರು ತೆಗೆದರು. ಪಿಲಾತ ಜಗ್ಗಲಿಲ್ಲ: ‘ಬರೆದದ್ದು ಬರೆದಾಯಿತು.’ ಅಣಕಿಸಲು, ಬಹುಶಃ ಮುಖಂಡರನ್ನು ಕೆಣಕಲು ಬರೆಸಿದ ಸಾಲು. ನಂಬುವವರಿಗೆ ಅದು ಲೋಕದ ಭಾಷೆಗಳಲ್ಲಿ ಮೊದಲು ಸಾರಿದ ಸತ್ಯ.

ಹಾಗಾದರೆ ಯೂದನ ತಪ್ಪೇನು?

ಎಲ್ಲರೂ ಕೇಳುವ ಪ್ರಶ್ನೆ ಇದು. ದೇವರು ಮೊದಲೇ ನಿಶ್ಚಯಿಸಿದ್ದರೆ ಯೂದ ಬರೀ ಸೂತ್ರದ ಬೊಂಬೆಯಲ್ಲವೇ?

ಸುವಾರ್ತೆಗಳು ಇದಕ್ಕೆ ಸಿದ್ಧಾಂತ ಕಟ್ಟುವುದಿಲ್ಲ. ಎರಡು ಮಾತನ್ನೂ ಪಕ್ಕಪಕ್ಕದಲ್ಲಿ ಇಡುತ್ತವೆ. ಕೊನೆಯ ಊಟದಲ್ಲಿ ಯೇಸು ಹೇಳುವುದು ಹೀಗೆ: ಮನುಷ್ಯಕುಮಾರನು (ಯೇಸು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು) ತನ್ನ ವಿಷಯವಾಗಿ ಬರೆದಿರುವ ಪ್ರಕಾರವೇ ಹೋಗುತ್ತಾನೆ, ಆದರೆ ಅವನನ್ನು ಹಿಡಿದುಕೊಡುವವನ ಗತಿಯನ್ನು ಏನೆಂದು ಹೇಳಲಿ! ವಾಕ್ಯದ ಮೊದಲರ್ಧ ಸಂಕಲ್ಪ, ಎರಡನೆಯ ಅರ್ಧ ಹೊಣೆ. ಪಿಲಾತನಿಗೆ ಹೇಳಿದ್ದೂ ಹಾಗೆಯೇ: ಮೇಲಿನಿಂದ ಕೊಡದಿದ್ದರೆ ನನ್ನ ಮೇಲೆ ನಿನಗೆ ಯಾವ ಅಧಿಕಾರವೂ ಇರುತ್ತಿರಲಿಲ್ಲ, ಆದ್ದರಿಂದ ನನ್ನನ್ನು ನಿನಗೆ ಒಪ್ಪಿಸಿದವನದೇ ಹೆಚ್ಚಿನ ಪಾಪ. ಯೇಸುವಿನ ನಂತರ ಶಿಷ್ಯ ಪೇತ್ರ ಜೆರೂಸಲೇಮಿನಲ್ಲಿ ಮಾಡಿದ ಮೊದಲ ಭಾಷಣವೂ ಇದೇ ಜಾಡಿನದು: ದೇವರ ನಿಶ್ಚಿತ ಸಂಕಲ್ಪದಂತೆ ಒಪ್ಪಿಸಲಾಯಿತು, ಕೊಂದವರು ನೀವು.

ಇದರ ಬೇರು ಹಳೆಯ ಒಡಂಬಡಿಕೆಯ ಯೋಸೇಫನ ಕಥೆಯಲ್ಲಿದೆ. (ಇವನು ಮರಿಯಳ ಗಂಡನಲ್ಲ, ಅವನಿಗಿಂತ ಎಷ್ಟೋ ಶತಮಾನ ಹಿಂದಿನವನು.) ಹೊಟ್ಟೆಕಿಚ್ಚಿನ ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಅವನು ಈಜಿಪ್ಟ್ ಸೇರಿ, ಸೆರೆಮನೆ ಕಂಡು, ಕೊನೆಗೆ ಆ ದೇಶದ ಆಡಳಿತವನ್ನೇ ನಡೆಸಿದ. ಬರಗಾಲದಲ್ಲಿ ಅದೇ ಅಣ್ಣಂದಿರು ಧಾನ್ಯಕ್ಕಾಗಿ ಅವನ ಮುಂದೆ ಬಂದು ನಿಂತರು. ತಂದೆ ತೀರಿಕೊಂಡ ಮೇಲೆ, ಇನ್ನು ಸೇಡು ತೀರಿಸಿಕೊಳ್ಳುತ್ತಾನೆ ಎಂದು ನಡುಗುತ್ತಿದ್ದವರಿಗೆ ಅವನು ಹೇಳಿದ: ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ಬಗೆದರು. ಇಬ್ರಿಯ ಮೂಲದಲ್ಲಿ ಎರಡು ಕಡೆಯೂ ಒಂದೇ ಕ್ರಿಯಾಪದ, ‘ಹಾಷವ್’. ಕನ್ನಡದ ‘ಬಗೆ’ ಅದಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಗಾದೆಯಲ್ಲಿ ತಾನು ಬಗೆದದ್ದು ಒಂದು, ದೈವ ಬಗೆದದ್ದು ಇನ್ನೊಂದು. ಯೋಸೇಫನ ಮಾತಿನಲ್ಲಿ ಇಬ್ಬರೂ ಬಗೆದದ್ದು ಒಂದೇ ಘಟನೆಯನ್ನು. ಬೇರೆಯಾದದ್ದು ಉದ್ದೇಶ.

ಅದೇ ‘ಹಾಷವ್’ ಧಾತುವಿನಿಂದ ಬಂದ ಪದವನ್ನು ಆರಾಧನೆಯ ಗುಡಾರದ ಪರದೆಗಳಲ್ಲಿ ಚಿತ್ರ ನೇಯುವ ಕುಶಲಕರ್ಮಿಗೂ ಬೈಬಲ್ ಬಳಸುತ್ತದೆ. ಅದರಿಂದ ಮಗ್ಗದ ಹೋಲಿಕೆ ಇಲ್ಲಿ ಒದಗಿಬರುತ್ತದೆ. ಹಾಸಿನ ನೂಲು ಉದ್ದಕ್ಕೆ, ಹೊಕ್ಕಿನ ನೂಲು ಅಡ್ಡಕ್ಕೆ. ಹೊಕ್ಕು ಹಾಸನ್ನು ಎದುರಿಸಿಯೇ ಹಾಯುತ್ತದೆ, ಬಟ್ಟೆಯಾಗುವುದು ಹಾಗೆ. ಹೋಲಿಕೆ ಒಂದು ಹಂತದವರೆಗೆ ನಡೆಯುತ್ತದೆ, ಆಮೇಲೆ ಕುಂಟುತ್ತದೆ: ನೂಲಿಗೆ ಮನಸ್ಸಿಲ್ಲ, ಯೂದನಿಗಿತ್ತು. ಅಗಸ್ಟೀನ್, ಥಾಮಸ್ ಅಕ್ವಿನಾಸ್, ಕ್ಯಾಲ್ವಿನ್ ಮೊದಲಾದ ಕ್ರೈಸ್ತ ಚಿಂತಕರು ತಲೆ ಕೆಡಿಸಿಕೊಂಡದ್ದು ಈ ಕುಂಟುವ ಜಾಗದಲ್ಲೇ. ದೇವರು ಮನುಷ್ಯನ ಇಚ್ಛೆಯನ್ನು ತಡೆಯದೆ ಅದರ ಫಲವನ್ನು ತಿರುಗಿಸುತ್ತಾರೆ ಎನ್ನುವವರಿದ್ದಾರೆ. ಇಚ್ಛೆಯೂ ದೇವರ ಆಳ್ವಿಕೆಯ ಒಳಗೇ ಎನ್ನುವವರಿದ್ದಾರೆ. ಎಲ್ಲ ಪಂಗಡಗಳೂ ಒಪ್ಪುವ ಒಂದೇ ಉತ್ತರ ಈವರೆಗೆ ಇಲ್ಲ.

ಈ ಚರ್ಚೆಯಲ್ಲಿ ಮರೆತುಹೋಗುವ ಒಬ್ಬರೆಂದರೆ ಯೇಸು. ಗೆತ್ಸೇಮನೆಯಲ್ಲಿ ಅವರು, ಸಾಧ್ಯವಾದರೆ ಈ ಪಾತ್ರೆ (ಅಂದರೆ ಮುಂದಿರುವ ಯಾತನೆ) ನನ್ನಿಂದ ತೊಲಗಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾರೆ. ಲೂಕನ ಹಲವು ಪ್ರತಿಗಳಲ್ಲಿ ಬೆವರು ರಕ್ತದ ಹನಿಗಳಂತೆ ಬಿತ್ತೆಂಬ ಸಾಲೂ ಇದೆ. ಆಮೇಲೆ, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಎನ್ನುತ್ತಾರೆ. ಬಲಿಯಾಗುವವರ ಒಪ್ಪಿಗೆ ಇಲ್ಲದೆ ಸಂಚು ಸಂಕಲ್ಪವಾಗುವುದಿಲ್ಲ ಎಂಬುದು ಈ ಕಥೆಯ ಒಳಗಿನ ಲೆಕ್ಕ. ಕಾಯಫ ಇನ್ನೊಬ್ಬರನ್ನು ಬಲಿಕೊಡಲು ಹೊರಟಿದ್ದ. ಇವರು ತಮ್ಮನ್ನು ಕೊಟ್ಟುಕೊಂಡರು.

ಈ ಕಥೆಯ ದುರ್ಬಳಕೆ

‘ಯೇಸುವನ್ನು ಕೊಂದವರು ಯೆಹೂದ್ಯರು’ ಎಂಬ ಮಾತು ಯುರೋಪಿನಲ್ಲಿ ಶತಮಾನಗಟ್ಟಲೆ ಯೆಹೂದ್ಯರ ಮೇಲಿನ ಹಿಂಸೆಗೆ ನೆಪವಾಯಿತು. ಯೇಸುವೂ ಯೆಹೂದ್ಯರೇ, ಶಿಷ್ಯರೂ ಯೆಹೂದ್ಯರೇ, ಶಿಲುಬೆ ರೋಮನ್ ಸೈನಿಕರದು ಎಂಬುದನ್ನು ಬದಿಗಿಟ್ಟು ಆಡಿದ ಮಾತು ಅದು. 1965ರಲ್ಲಿ ಕಥೋಲಿಕ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ, ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದು ಎಂದು ಅಧಿಕೃತವಾಗಿ ಹೇಳಿತು. ಸಂಚು ಎಂದಾಗ ಕಥೆ ಬೊಟ್ಟು ಮಾಡುವುದು ಅಧಿಕಾರದಲ್ಲಿದ್ದ ಕೆಲವರನ್ನು, ಹಣ ತೆಗೆದುಕೊಂಡ ಒಬ್ಬ ಸ್ನೇಹಿತನನ್ನು, ತಪ್ಪಿಲ್ಲವೆಂದು ಗೊತ್ತಿದ್ದೂ ಕೈತೊಳೆದುಕೊಂಡ ಒಬ್ಬ ಅಧಿಕಾರಿಯನ್ನು.

ಮತ್ತೆ ವಾಟ್ಸ್‌ಆ್ಯಪ್ ಗುಂಪಿಗೆ

‘ಶುಭ’ ಎಂಬುದು ನಡೆದ ಕೃತ್ಯಕ್ಕೆ ಕೊಟ್ಟ ಸರ್ಟಿಫಿಕೇಟಲ್ಲ. ಆ ಕೃತ್ಯದಿಂದ ಹೊರಟಿತೆಂದು ಕ್ರೈಸ್ತರು ನಂಬುವ ಬಿಡುಗಡೆಗೆ ಇಟ್ಟ ಹೆಸರು. ಯೇಸು ಮತ್ತೆ ಎದ್ದದ್ದನ್ನು ನೆನೆಯುವ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಕಥೋಲಿಕ ಚರ್ಚುಗಳಲ್ಲಿ ಹಾಡುವ ಹಳೆಯ ಸ್ತೋತ್ರವೊಂದು ಮೊದಲ ಮನುಷ್ಯ ಆದಾಮನ ಪಾಪವನ್ನೇ, ಅಂಥ ರಕ್ಷಕನನ್ನು ತಂದುಕೊಟ್ಟಿತೆಂದು, ‘ಭಾಗ್ಯದ ತಪ್ಪು’ ಎಂದು ಕರೆಯುವುದೂ ಇದೇ ಅರ್ಥದಲ್ಲಿ.

ಹಾಗೆಂದು ಶುಕ್ರವಾರ ಯಾರೂ ಸಂಭ್ರಮಿಸುವುದಿಲ್ಲ. ಅಂದು ಉಪವಾಸ. ಕಥೋಲಿಕ ಚರ್ಚುಗಳಲ್ಲಿ ಬಲಿಪೂಜೆ (ಮಾಸ್) ಇರುವುದಿಲ್ಲ; ಯೇಸು ಪ್ರಾಣ ಬಿಟ್ಟರೆನ್ನುವ ಮಧ್ಯಾಹ್ನ 3 ಗಂಟೆಯ ಸುಮಾರಿಗೆ ಆರಾಧನೆ ನಡೆಯುತ್ತದೆ, ಶಿಲುಬೆ ಹಾದಿಯ ಪ್ರಾರ್ಥನೆ ಇರುತ್ತದೆ. ಗುರುವಾರ ಸಂಜೆ ನಿಂತ ಗಂಟೆ ಶನಿವಾರ ರಾತ್ರಿಯವರೆಗೆ ಬಾರಿಸುವುದಿಲ್ಲ. ಹೂವಿನ ಚಿತ್ರ ಕಳಿಸುವವರು ಆ ಗಂಟೆ ಮತ್ತೆ ಬಾರಿಸುವವರೆಗೆ ತಡೆದು, ಭಾನುವಾರ ಬೆಳಿಗ್ಗೆ ಈಸ್ಟರ್ ಶುಭಾಶಯದ ಜೊತೆ ಕಳಿಸಿದರೆ ಯಾರೂ ತಿದ್ದಲು ಬರುವುದಿಲ್ಲ.